ಒಲೆ ದೇವರ ಎದುರು ಒಡೆದ ಬಟ್ಟಲು

ಶಾಂಘೈ, ಹಾಸ್ಟೆಲ್
ಶನಿವಾರ ಸಂಜೆ

ಪ್ರೀತಿಯ ರುಯಿಲಾನ್ ಅಕ್ಕಾ,

ಈ ಕಾಗದವನ್ನು ಭಾವ ಮನೆಯಲ್ಲಿಲ್ಲದಾಗ ಓದು. ಮೂರು ಸಲ ಬರೆದು ಹರಿದಿದ್ದೇನೆ. ಇಂಗ್ಲಿಷಿನಲ್ಲಿ ಒಂದು 'ಸಾರಿ' ಬರೆದು ಮುಗಿಸೋಣ ಎನಿಸಿತ್ತು. ಆದರೆ ಇಲ್ಲಿ ಊಟದ ಮೇಜಿನಲ್ಲಿ ಮೊಣಕೈ ತಾಗಿದರೂ ಸಾರಿ ಅನ್ನುತ್ತಾರೆ. ನನ್ನದು ಅಷ್ಟಕ್ಕೆ ಮುಗಿಯುವುದಲ್ಲ.

ಇವತ್ತು ಮಧ್ಯಾಹ್ನ ವಾರ್ಡನ್ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ದಿದ್ದರು. ಅರಸರ ಕಾಲದ ಕಥೆ. ದೊಡ್ಡ ಮನೆಯ ಹುಡುಗಿ ಪ್ರೀತಿಸಬಾರದವನನ್ನು ಪ್ರೀತಿಸಿದ್ದಾಳೆ. ಬೇರೊಬ್ಬ ವರನ ಜನ್ಮಪತ್ರ ಬಂದು ಒಲೆ ದೇವರ ಮುಂದೆ ಕೂತಿದೆ. ಮೂರು ದಿನದೊಳಗೆ ಮನೆಯಲ್ಲಿ ಏನಾದರೂ ಒಡೆದರೆ ದೇವರು ಬೇಡವೆಂದಂತೆ, ಆ ಸಂಬಂಧ ಮುರಿದಂತೆಯೇ. ಕೊನೆಯ ದಿನ ಕೆಲಸದವಳು ಬೇಕೆಂದೇ ಬಟ್ಟಲು ಬೀಳಿಸಿದಳು. ಇಡೀ ಥಿಯೇಟರ್ ಚಪ್ಪಾಳೆ ಹೊಡೆಯಿತು. ನಾನು ಎದ್ದು ಹೊರಗೆ ಬಂದೆ. ರೂಮ್‌ಮೇಟ್ ಪೆಯಿಝೆನ್ ಹಿಂದೆಯೇ ಬಂದು, "ಏನೇ ನೀನು, ಎಲ್ಲರೂ ಖುಷಿಪಡೋ ಸೀನಿಗೆ ಅಳ್ತೀಯಲ್ಲೇ" ಎಂದು ಅಣಕಿಸಿದಳು.

ಹೋದ ವರ್ಷ ನಮ್ಮ ಮನೆಯಲ್ಲೂ ನಿಂಗ್ಬೊ ಊರಿನ ವರನ ಜನ್ಮಪತ್ರ ಮೂರು ದಿನ ಒಲೆ ದೇವರ ಊದುಬತ್ತಿಯ ಬೂದಿಪಾತ್ರೆಯ ಕೆಳಗಿತ್ತು. ನಿನ್ನ ಮನಸ್ಸು ಮಾತ್ರ ಕಸೂತಿಯ ಮಾದರಿ ಬರೆಯುವ ಬೋಚಿಂಗ್‌ನ ಮೇಲಿತ್ತು. ಅವನೂ ಶೆನ್, ನಾವೂ ಶೆನ್. ದೂರದ ನಂಟೂ ಇಲ್ಲ ಎಂದು ನೀನು ಬೇಡಿಕೊಂಡರೆ ಅಮ್ಮ, "ಒಂದೇ ಮನೆತನದ ಹೆಸರು ಅಂದ್ಮೇಲೆ ಅವನು ಅಣ್ಣ ಆದಂಗೇ. ಊರೋರು ಉಗೀತಾರೆ" ಎಂದು ಬಾಗಿಲು ಹಾಕಿಕೊಂಡಳು. ಎರಡನೆಯ ಸಂಜೆ ನೀನು ನನ್ನ ಜಡೆ ಹೆಣೆಯುತ್ತಾ ಕಿವಿಯಲ್ಲಿ ಹೇಳಿದೆ: "ನಾನು ಒಡೆದ್ರೆ ಬೇಕಂತಲೇ ಅಂತಾರೆ. ನೀನಾದ್ರೆ ಹೇಗೂ ಕೈ ಜಾರಿಸೋಳು. ಒಂದೇ ಒಂದು ಬಟ್ಟಲು, ಪುಟ್ಟಿ."

ಆಗಲಿ ಎಂದು ನಾನು ತಲೆಯಾಡಿಸಿದೆ. ಆದರೆ ನಿನ್ನ ಮದುವೆ ಮುಗಿಯದೆ ನನ್ನನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದು ಅಪ್ಪ ಹೇಳಿದ್ದು ಹೊಟ್ಟೆಯೊಳಗೆ ಕೂತಿತ್ತು. ಮಿಷನ್ ಶಾಲೆಯ ಬೋರ್ಡಿಂಗಿನಲ್ಲಿ ಬೆಳೆದ ನನಗೆ ಬೇರೆ ಆಸೆಯೇ ಇರಲಿಲ್ಲ. ಮಾರನೆಯ ಬೆಳಿಗ್ಗೆ, ಒಡೆಯುವುದಿಲ್ಲ ಎಂದು ನಿರ್ಧರಿಸಿಕೊಂಡೇ ಅಡುಗೆಮನೆಗೆ ಹೋದೆ. ಗಂಜಿಗೆಂದು ನೀಲಿ ಮೀನಿನ ಚಿತ್ರದ ಬಟ್ಟಲು ತೆಗೆದೆ. ಬಿತ್ತು.

ಅಕ್ಕಾ, ನಾನು ಬೀಳಿಸಲಿಲ್ಲ. ತಾನಾಗಿಯೇ ಬಿತ್ತು, ಒಲೆ ದೇವರ ಎದುರಿಗೇ. ಯಾರೂ ನೋಡಲಿಲ್ಲ. ಚೂರುಗಳನ್ನು ಅಂಗಿಯ ತುದಿಯಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಿಲ ಕಾಲುವೆಗೆ ಎಸೆದೆ. ಏನೂ ಒಡೆಯಲಿಲ್ಲ ತಾನೇ ಎಂದು ಅಮ್ಮ ಕೇಳಿದಾಗ ಇಲ್ಲ ಎಂದೆ.

ನಿನಗೆ ನಾನು, ಒಡೆಯಲು ಧೈರ್ಯ ಬರಲಿಲ್ಲ ಎಂದು ಸುಳ್ಳು ಹೇಳಿದೆ. ನೀನು ಬೈಯಲಿಲ್ಲ. ನನ್ನ ಕಣ್ಣೊರೆಸಿ, "ಹೋಗ್ಲಿ ಬಿಡು, ದೇವರಿಗೂ ಇಷ್ಟ ಇರ್ಲಿಲ್ಲ ಅನ್ಸುತ್ತೆ" ಅಂದೆ. ಆ ಮಾತನ್ನೇ ನಂಬಿಕೊಂಡು ನೀನು ಮದುವೆಯ ಕೆಂಪು ಪಲ್ಲಕ್ಕಿ ಹತ್ತಿದೆ. ಬೋಚಿಂಗ್ ಊರು ಬಿಟ್ಟ. ನಾನು ಹೊಸ ಟ್ರಂಕಿನಲ್ಲಿ ಪುಸ್ತಕ ಜೋಡಿಸಿಕೊಂಡೆ.

ದೇವರಿಗೆ ಇಷ್ಟವಿತ್ತು, ಅಕ್ಕಾ. ಅವನು ನಿನ್ನ ಪರವಾಗಿ ಆಡಿದ ಮಾತನ್ನು ನಾನು ಗುಡಿಸಿ ಹಾಕಿದೆ.

ಮೀನಿನ ಕಣ್ಣಿರುವ ಒಂದು ಚೂರು ಅಂಗಿಯಲ್ಲೇ ಸಿಕ್ಕಿಕೊಂಡಿತ್ತು. ಪೆನ್ಸಿಲ್ ಡಬ್ಬಿಯಲ್ಲಿಟ್ಟಿದ್ದೆ. ಹತ್ತಿಯಲ್ಲಿ ಸುತ್ತಿ ಈ ಲಕೋಟೆಯಲ್ಲಿ ಹಾಕಿದ್ದೇನೆ. ಅಮ್ಮನಿಗೆ ತೋರಿಸಬೇಕೆನಿಸಿದರೆ ತೋರಿಸು. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಥಟ್ಟನೆ ಕ್ಷಮಿಸಿಬಿಡುತ್ತೀಯ, ನನಗೆ ಅದೇ ಭಯ.

ನಿನ್ನ ಹೊಟ್ಟೆಯಲ್ಲಿರುವ ಮಗು ಸುಖವಾಗಿ ಹುಟ್ಟಲಿ. ಅದು ಬೆಳೆಯುವ ಮನೆಯಲ್ಲಿ ಬಟ್ಟಲು ಒಡೆದರೆ, ಎಲ್ಲರ ಎದುರಿಗೇ ಒಡೆಯಲಿ.

ಕೈ ಜಾರಿಸುವ ನಿನ್ನ ತಂಗಿ,
ಸುಯಿನ್