ಗಾಳಿ ಪೈಪಿನ ಗಂಟು

ಸೋಮಾರಿ ತಮ್ಮನಿಗೆ,

ನೀನು ಏಳುವಷ್ಟರಲ್ಲಿ ನಾನು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರುತ್ತೇನೆ. ನಾವು ವಾಪಸ್ ಬರುವುದರೊಳಗೆ ಈ ಕೆಲಸ ಮುಗಿದಿರಬೇಕು. ಆಮೇಲೆ ನೋಡೋಣ ಅಂದೀಯ, ಜೋಕೆ!

ಬಚ್ಚಲು ಗುಳುಗುಳು ಅನ್ನುವುದಕ್ಕೂ ಮನೆಯೆಲ್ಲ ನಾರುವುದಕ್ಕೂ ಕಾರಣ ಸಿಕ್ಕಿತು. ಪ್ಲಂಬರ್ ಹೇಳಿದನೆಂದು ನೆಲ ಒಡೆಸಬೇಕಾಗಿಲ್ಲ. ತಾರಸಿಯ ಮೇಲೆ ಪಾಯಿಖಾನೆಯ ಗಾಳಿ ಪೈಪಿದೆಯಲ್ಲ, ಅದರ ಬಾಯಿಗೆ ಬಟ್ಟೆ ಬಿಗಿದಿದೆ. ಅಮ್ಮ ಮೇಲಿನ ರೂಮಿನಲ್ಲಿ ಹಾಸಿಗೆ ಹಿಡಿದಿದ್ದಾಗ, ಕಿಟಕಿಯಿಂದ ಬರುವ ಪೈಪಿನ ವಾಸನೆಗೆ ಊಟ ಸೇರುತ್ತಿಲ್ಲ ಎಂದಿದ್ದಳು. ಅವತ್ತು ಅಪ್ಪ ಕಟ್ಟಿದ್ದು.

ನಿನ್ನೆ ಬಿಚ್ಚಿ ಬರುತ್ತೇನೆಂದು ಹತ್ತಿದ ಅಪ್ಪ ತುಂಬ ಹೊತ್ತು ಇಳಿಯಲೇ ಇಲ್ಲ. ಬಂದವರು, "ಗಂಟು ಬಿಚ್ಚೋಕೆ ಬರ್ತಿಲ್ಲ ಕಣಮ್ಮ" ಅಂದರು. ಜೀವನವಿಡೀ ಲಾರಿಗಳಿಗೆ ಹಗ್ಗ ಬಿಗಿದು ಬಿಚ್ಚಿದ ಮನುಷ್ಯ!

ಸ್ಟೂಲು ಅಲುಗಾಡುತ್ತದೆ, ಏಣಿಯನ್ನೇ ತೆಗೆದುಕೊ. ಕತ್ತರಿ ಹಾಕಬೇಡ, ಗಂಟನ್ನು ಉಗುರಿನಲ್ಲೇ ಸಡಿಲಿಸು. ಅದು ಅಮ್ಮನ ಹಳೇ ಹೊದಿಕೆಯ ತುಂಡು. ಚೆನ್ನಾಗಿ ಒಗೆದು ಒಣಗಿಸಿ ನನ್ನ ಬೀರುವಿನಲ್ಲಿಡು, ಅಪ್ಪನ ಕಣ್ಣಿಗೆ ಬೀಳುವುದು ಬೇಡ. ಆಮೇಲೆ ಪೈಪಿನೊಳಗೆ ಒಂದು ಬಕೆಟ್ ನೀರು ಸುರಿ. ನೀನೂ ಅಲ್ಲೇ ಕೂತುಬಿಡಬೇಡ ಮಾರಾಯ.

ಬಟ್ಟೆ ತೆಗೆದ ಮೇಲೆ ಅಮ್ಮನಿದ್ದ ರೂಮಿಗೆ ಮತ್ತೆ ವಾಸನೆ ಬರುತ್ತದೆ. ಮೊದಲಿನ ಹಾಗೆ ಕಿಟಕಿ ಮುಚ್ಚಲು ಓಡಬೇಡ. ಇನ್ನು ಅಲ್ಲಿ ಯಾರ ಊಟ ಕೆಡಬೇಕು?

ಅಕ್ಕ