ಅರ್ಧ ಮಾತ್ರೆ ಸಾಕು

20 ಜನವರಿ 2025, ಸೋಮವಾರ

ಬೆಳಿಗ್ಗೆ ಆರಕ್ಕೆ ಹೆಂಡತಿ ಕಲಾಗೆ ಥೈರಾಯ್ಡ್ ಮಾತ್ರೆ ಕೊಟ್ಟೆ. ಇವಳು ಎಂದಿನಂತೆ ಕಣ್ಣು ಬಿಡದೆಯೇ ಅಂಗೈ ಚಾಚಿದಳು. ಹನ್ನೊಂದು ವರ್ಷದಿಂದ ಇದೇ ಕ್ರಮ. ಡಬ್ಬಿ ನನ್ನ ಬೀರುವಿನಲ್ಲಿ. ನಾನು ತೆಗೆದು ಕೊಡುವುದು, ಇವಳು ನುಂಗುವುದು. ಮುಕ್ಕಾಲು ಗಂಟೆಯ ಮೇಲೆ ಕಾಫಿ.

ವಿಜಯನಗರದ ಲ್ಯಾಬಿನಿಂದ ಇವಳ ಥೈರಾಯ್ಡ್ ರಿಪೋರ್ಟ್ ತಂದೆ. ಮೂರೇ ಸಾಲು. ಟಿ-ತ್ರೀ, ಟಿ-ಫೋರ್ ಎರಡೂ ಲಿಮಿಟ್ಟಿನೊಳಗಿವೆ. ಟಿಎಸ್‌ಎಚ್ ಮಾತ್ರ 9.84. ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. ಇರಬೇಕಾದದ್ದು ನಾಲ್ಕೂವರೆಯೊಳಗೆ.

ಡಾಕ್ಟರಮ್ಮ ಊರಿನಲ್ಲಿಲ್ಲ. ಫೆಬ್ರವರಿ ಹದಿಮೂರಕ್ಕೆ ಬನ್ನಿ ಅಂದರು ಕ್ಲಿನಿಕ್ಕಿನವರು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೇ?

ಮೂವತ್ತೊಂದು ವರ್ಷ ಕರೆಂಟ್ ಆಫೀಸಿನ ಮೀಟರ್ ರೀಡರ್ ಆಗಿದ್ದವನು ನಾನು. ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ಇಣುಕದ ಮೀಟರ್ ಬೋರ್ಡ್ ಇಲ್ಲ. ಈಗಲೂ ಮೂಡಲಪಾಳ್ಯದ ಈ ಬೀದಿಯವರೆಲ್ಲ ಬಿಲ್ಲು, ನೋಟಿಸು, ರಿಪೋರ್ಟ್ ಹಿಡಿದು ನನ್ನ ಬಳಿಯೇ ಬರುವುದು. ಎದುರುಮನೆ ಶಶಿಕುಮಾರನಂತೂ ತನ್ನ ಶುಗರ್ ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ನನಗೇ ತೋರಿಸುತ್ತಾನೆ.

ರೀಡಿಂಗ್ ಏರಿದೆ ಅಂದರೆ ಬಳಕೆ ಜಾಸ್ತಿಯಾಗಿದೆ. ಇಳಿಸಬೇಕು. ಮೈಯಲ್ಲಿ ಥೈರಾಯ್ಡ್ ಜಾಸ್ತಿಯಿದ್ದಾಗ ಅದರದ್ದೇ ಮಾತ್ರೆಯನ್ನು ದಿನಾ ಸುರಿಯುತ್ತಿದ್ದೇವಲ್ಲ!

21 ಜನವರಿ, ಬೆಳಿಗ್ಗೆ 6.10

ಬ್ಲೇಡಿನಿಂದ ಮಾತ್ರೆಯನ್ನು ಎರಡು ಮಾಡಿದೆ. ಸರಿಯಾಗಿ ಅರ್ಧ. ಕೈ ಇನ್ನೂ ನಡುಗುವುದಿಲ್ಲ — ಅರವತ್ತೇಳಕ್ಕೆ ಇದೇನೂ ಕಡಿಮೆಯಲ್ಲ. ಇವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂಗ್ಲಿಷಿನಲ್ಲಿರುವ ಕಾಗದ, ವಿವರಿಸಲು ಕೂತರೆ ಮಧ್ಯಾಹ್ನವಾಗುತ್ತದೆ.

26 ಜನವರಿ, ಭಾನುವಾರ

ಕೆಂಗೇರಿಯಿಂದ ಮಗಳು ಬಂದಿದ್ದಳು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಆಟೋ ಸಿಗದೆ ನಡೆದೇ ಬಂದಳಂತೆ. ಬಂದವಳೇ ರಿಪೋರ್ಟ್ ಕೇಳಿದಳು.

"ನೋಡಾಯ್ತು ಬಿಡು ಅನು. ಸ್ವಲ್ಪ ಜಾಸ್ತಿ ಇದೆ, ಅಷ್ಟೇ."

"ಅಪ್ಪಾ, ಅದು ಕರೆಂಟ್ ಬಿಲ್ ಅಲ್ಲ. ಡಾಕ್ಟ್ರಿಗೆ ತೋರ್ಸಿ."

"ಹದಿಮೂರಕ್ಕೆ ಬರಕ್ಕೆ ಹೇಳವ್ರೆ, ತೋರುಸ್ತೀನಿ."

ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಅನುಗೆ ಅಪ್ಪನೂ ಮೂರನೇ ಕ್ಲಾಸು.

13 ಫೆಬ್ರವರಿ

ಇವತ್ತಿನ ಅಪಾಯಿಂಟ್‌ಮೆಂಟ್ ಬೇಡವೆಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಇವಳು ಚೆನ್ನಾಗಿಯೇ ಇದ್ದಾಳೆ. ಡಾಕ್ಟರಮ್ಮ ನೋಡಿ ಏನು ಹೇಳುತ್ತಾರೆ? ಕಡಿಮೆ ಮಾಡಿ ಅನ್ನುತ್ತಾರೆ. ಮಾಡಿದ್ದಾಗಿದೆ.

ಅನುಗೆ ಮಾತ್ರ ಹೋಗಿ ಬಂದೆವು, ಡಾಕ್ಟರಮ್ಮ ಡೋಸ್ ಸರಿ ಮಾಡಿದರು ಅಂದೆ. ಇಲ್ಲದಿದ್ದರೆ ಬಿಡುವುದಿಲ್ಲ ಅವಳು.

26 ಫೆಬ್ರವರಿ, ಶಿವರಾತ್ರಿ

ಸಂಜೆ ಅಕ್ಕನ ಬಳಗದ ಹೆಂಗಸರ ವಚನ ಗಾಯನ. ಇಪ್ಪತ್ತು ವರ್ಷದಿಂದ ಇವಳೇ ಮೊದಲು ಎತ್ತಿಕೊಡುವುದು; ಉಳಿದವರು ಹಿಂದೆ ಹೇಳುವುದು. ಇವತ್ತು ಮೊದಲನೆಯದರಲ್ಲೇ ದನಿ ಒಡೆಯಿತು. ಎರಡು ಸಲ ಕೆಮ್ಮಿ ಮತ್ತೆ ಶುರು ಮಾಡಿದಳು, ಏರಲಿಲ್ಲ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಅಣ್ಣಮ್ಮ ಎತ್ತಿಕೊಂಡರು.

ಮನೆಗೆ ಬರುವಾಗ ಫ್ರಿಜ್ಜಿನ ನೀರು ಕುಡಿಯಬೇಡ ಅಂತ ಬೈದೆ. "ಕುಡ್ದಿಲ್ಲ ಕಣ್ರೀ" ಅಂದಳು. ನಡೆಯುವುದೂ ನಿಧಾನ. ನಾನು ಗೇಟು ತೆಗೆದು ನಿಂತು ಕಾಯಬೇಕಾಯಿತು.

14 ಮಾರ್ಚ್

ಈ ಬಿಸಿಲಿಗೆ ಸ್ವೆಟರ್! ಫ್ಯಾನ್ ಹಾಕಿದರೆ ಎದ್ದು ಆರಿಸುತ್ತಾಳೆ. ಊಟ ಮಾಡಿ ಮಲಗಿದರೆ ಐದಕ್ಕೆ ಏಳುವುದು. ಹಾಲು ಎರಡು ಸಲ ಉಕ್ಕಿ ಹೋಯಿತು. ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಾಳೆ. ಕಲಾ ಅಂದರೆ ಚುರುಕು ಅನ್ನುತ್ತಿದ್ದರು ಎಲ್ಲ. ವಯಸ್ಸಾಯಿತು ಅನ್ನೋಣವೆಂದರೆ ನನಗಿಂತ ಐದು ವರ್ಷ ಚಿಕ್ಕವಳು.

30 ಮಾರ್ಚ್, ಯುಗಾದಿ

ಒಬ್ಬಟ್ಟಿಗೆ ಇಟ್ಟ ಬೇಳೆ ಸೀದು ಪಾತ್ರೆಗೆ ಹಿಡಿಯಿತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು, ಆದರೂ ಗೊತ್ತಾಗಿಲ್ಲ. ಮಗಳು ಅಳಿಯನ ಎದುರೇ ಮೈಗಳ್ಳಿ ಅಂದುಬಿಟ್ಟೆ. ಅನ್ನಬಾರದಿತ್ತು. ಹಬ್ಬದ ದಿನ.

ಅನು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮನ್ ಮುಖ ಊದ್ಕೊಂಡಿದೆ. ಮಾತ್ರೆ ಸರಿಯಾಗ್ ಕೊಡ್ತಿದೀರಾ ಅಪ್ಪಾ?"

"ಒಂದ್ ದಿನ ತಪ್ಸಿಲ್ಲ."

ಸುಳ್ಳಲ್ಲ.

2 ಏಪ್ರಿಲ್

ಯೋಚಿಸಿದೆ. ಥೈರಾಯ್ಡ್ ಇನ್ನೂ ಇಳಿದಿಲ್ಲ ಅಂತ ಕಾಣುತ್ತದೆ, ಅದಕ್ಕೇ ಈ ಎಲ್ಲ ತೊಂದರೆ. ಇವತ್ತಿನಿಂದ ಕಾಲು ಮಾತ್ರೆ. ಕತ್ತರಿಸುವಾಗ ಪುಡಿಯಾಗುತ್ತದೆ. ಪುಡಿಯನ್ನು ಬೆರಳಿನಲ್ಲಿ ಒತ್ತಿ ಅಂಗೈಗೆ ಹಾಕಿದೆ.

19 ಏಪ್ರಿಲ್, ಶನಿವಾರ. ಆಸ್ಪತ್ರೆ

ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಬಿದ್ದ ಶಬ್ದವೂ ಕೇಳಲಿಲ್ಲ. ನೀರು ಹರಿಯುತ್ತಲೇ ಇದೆಯಲ್ಲ ಅಂತ ನಲ್ಲಿ ನಿಲ್ಲಿಸು ಎಂದು ಹಜಾರದಿಂದಲೇ ಕೂಗಿದೆ. ಎರಡು ಸಲ. ಆಮೇಲೆ ಹೋಗಿ ನೋಡಿದೆ.

ಶಶಿಕುಮಾರನ ಕಾರಿನಲ್ಲಿ ತಂದೆವು. ಮೈ ತಣ್ಣಗಿತ್ತು. ನಾಡಿ ನಿಮಿಷಕ್ಕೆ ನಲವತ್ತೊಂದು. ಹೃದಯದ ಸುತ್ತ ನೀರು ತುಂಬಿದೆಯಂತೆ. ಐಸಿಯು.

ರಕ್ತದ ರಿಪೋರ್ಟ್ ಬಂತು. ಟಿಎಸ್‌ಎಚ್ — ನೂರಕ್ಕಿಂತ ಹೆಚ್ಚು. ಅದಕ್ಕಿಂತ ಮೇಲೆ ಅವರ ಮಿಷನ್ನು ಎಣಿಸುವುದಿಲ್ಲ. ಅರ್ಧಕ್ಕೆ ಇಳಿಸಿದೆ, ಕಾಲಿಗೆ ಇಳಿಸಿದೆ. ಹತ್ತರೊಳಗಿದ್ದದ್ದು ನೂರು ದಾಟಿದ್ದು ಹೇಗೆ?

ಜನವರಿಯ ರಿಪೋರ್ಟ್ ತೋರಿಸಿ ಅದನ್ನೇ ಕೇಳಿದೆ, ಬೇರೆ ರೀತಿಯಲ್ಲಿ. ಇಲ್ಲಿನ ಡಾಕ್ಟರು ಹುಡುಗ, ತಾಳ್ಮೆಯಿಂದ ಹೇಳಿದರು.

"ಟಿಎಸ್‌ಎಚ್ ಅಂದ್ರೆ ಥೈರಾಯ್ಡ್ ಹಾರ್ಮೋನ್ ಅಲ್ಲ ಸಾರ್. ತಲೆ ಒಳಗಿರೋ ಇನ್ನೊಂದು ಗ್ಲ್ಯಾಂಡು ಥೈರಾಯ್ಡಿಗೆ ಕೊಡೋ ಆರ್ಡರ್ ಅದು. ಥೈರಾಯ್ಡ್ ಸಾಲ್ದೇ ಇದ್ರೆ ಕೊಡು ಕೊಡು ಅಂತ ಆರ್ಡರ್ ಜೋರಾಗುತ್ತೆ. ಅದು ಏರಿದ್ರೆ ಮಾತ್ರೆ ಸಾಲ್ತಿಲ್ಲ ಅಂತ ಅರ್ಥ. ಜನವರೀಲಿ ಒಂಚೂರು ಡೋಸ್ ಜಾಸ್ತಿ ಮಾಡಿದ್ರೆ ಸಾಕಾಗಿತ್ತು."

ಲೈನಿನಲ್ಲಿ ವೋಲ್ಟೇಜ್ ಬಿದ್ದರೆ ಆಫೀಸಿಗೆ ಕಂಪ್ಲೇಂಟ್ ಫೋನುಗಳು ಜಾಸ್ತಿಯಾಗುತ್ತವೆ. ಮೂವತ್ತೊಂದು ವರ್ಷ ನೋಡಿದ್ದೇನೆ. ಇವಳ ವಿಷಯದಲ್ಲಿ ಆ ಫೋನುಗಳನ್ನು ಎಣಿಸಿ, ಇಷ್ಟೊಂದು ಕರೆಂಟ್ ಉರಿಸುತ್ತಿದ್ದಾರೆ ಅಂತ ಫ್ಯೂಸು ಕಿತ್ತಿದ್ದೇನೆ.

"ಮಾತ್ರೆ ಯಾಕ್ ನಿಲ್ಲುಸ್ಬಿಟ್ರು?" ಅಂದರು ಡಾಕ್ಟರು. ಅನು ನನ್ನನ್ನೇ ನೋಡುತ್ತಿದ್ದಳು.

ನಾನು ಹೇಳಿದೆ — "ಇತ್ತೀಚ್ಗೆ ಮರ್ವು ಜಾಸ್ತಿ ಆಗದೆ ಅವ್ಳಿಗೆ. ಕೊಟ್ರೂ ಎಲ್ಲೋ ಇಟ್ಬುಡ್ತಾಳೆ."

ಡಾಕ್ಟರು ಅದನ್ನು ಬರೆದುಕೊಂಡರು.

20 ಏಪ್ರಿಲ್

ಬರೆಯಲು ಆಗುತ್ತಿಲ್ಲ. ಬಾಯಿ ತಾನಾಗಿ ಆಡಿತು ಅಂತ ಹೇಳಿಕೊಳ್ಳುತ್ತಿದ್ದೇನೆ. ಬಾಯಿ ತಾನಾಗಿ ಆಡುವುದಿಲ್ಲ.

24 ಏಪ್ರಿಲ್

ವಾರ್ಡಿಗೆ ಬಂದಳು. ಕಣ್ಣು ಬಿಡುತ್ತಾಳೆ. ಮಾತು ಗೊರಗೊರ, ತುಂಬ ನಿಧಾನ, ಯಾರೋ ಗಂಡಸಿನ ದನಿಯ ಹಾಗೆ.

ಅನು ಮಂಚದ ಪಕ್ಕ ನಿಂತು ಅಳುತ್ತಾ ಬೈದಳು.

"ಅಮ್ಮಾ, ಮಾತ್ರೆ ತಗೊಳ್ದೇ ಎಲ್ಲಿಡ್ತಿದ್ದೆ ನೀನು? ಬಿಸಾಕ್ತಿದ್ಯಾ? ಸತ್ತೋಗ್ತಿದ್ದೆ, ಗೊತ್ತಾ?"

ಇವಳು ಮಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತಿದ್ದೆ.

"ಹೂಂ ಕಣವ್ವ" ಅಂದಳು. "ಮರ್ತೋಯ್ತು."

ಟೀ ತರುತ್ತೇನೆಂದು ಹೊರಗೆ ಬಂದೆ. ಕ್ಯಾಂಟೀನಿನವರೆಗೂ ಹೋಗಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಯಾಯಿತು, ಆದರೂ ಅತ್ತೆ.

30 ಏಪ್ರಿಲ್, ಬಸವ ಜಯಂತಿ

ನಿನ್ನೆ ಮನೆಗೆ ಕರೆತಂದೆವು. ಬೆಳಿಗ್ಗೆ ಬಳಗದವರು ಬೀದಿಯಲ್ಲಿ ಹಾಡುತ್ತಾ ಹೋದರು. ಅಣ್ಣಮ್ಮನವರೇ ಮುಂದೆ. ಕಿಟಕಿ ಹತ್ತಿರ ಕುರ್ಚಿ ಹಾಕಿಕೊಟ್ಟೆ. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಮೆರವಣಿಗೆ ಮುಖ್ಯರಸ್ತೆಗೆ ತಿರುಗಿದ ಮೇಲೂ ಕಿಟಕಿ ಬಿಟ್ಟು ಏಳಲಿಲ್ಲ.

ದನಿ ಬರಲು ತಿಂಗಳುಗಳೇ ಹಿಡಿಯಬಹುದು, ಮೊದಲಿನಷ್ಟೇ ಬರುತ್ತದೆ ಅಂತ ಹೇಳಲಾಗುವುದಿಲ್ಲ ಅಂದಿದ್ದಾರೆ ಡಾಕ್ಟರು.

3 ಮೇ

ಮರೆವಿನ ಪರೀಕ್ಷೆಗೆ ಇವಳನ್ನು ಬೇರೆ ಡಾಕ್ಟರಿಗೆ ತೋರಿಸಬೇಕು ಅಂತ ಅನು ಹಟ ಹಿಡಿದಿದ್ದಾಳೆ. ಆರನೇ ತಾರೀಖು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ರಜೆ ಹಾಕಿದ್ದಾಳೆ. ಸ್ಟೌವಿನ ಹತ್ತಿರ ಅಮ್ಮನನ್ನು ಒಬ್ಬಳನ್ನೇ ಬಿಡಬೇಡಿ ಅಂತ ನನಗೆ ಹೇಳಿದಳು. ಇವಳ ಎದುರೇ ಹೇಳಿದಳು, ಮಗುವಿನ ವಿಷಯ ಮಾತಾಡುವ ಹಾಗೆ. ಇವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

ಆಗಲೇ ಹೇಳಬೇಕಿತ್ತು.

ಸಂಜೆ ಶಶಿಕುಮಾರ ಯಾವುದೋ ರಿಪೋರ್ಟ್ ಹಿಡಿದು ಬಂದ. "ಒಸಿ ನೋಡಿ ಅಂಕಲ್." ಕನ್ನಡಕ ಸಿಗುತ್ತಿಲ್ಲ ಅಂದೆ. ಮೂಗಿನ ಮೇಲೇ ಇತ್ತು. ಅವನು ರಿಪೋರ್ಟ್ ಮಡಚಿಕೊಂಡು ಹೋದ.

6 ಮೇ, ಮಂಗಳವಾರ, ಬೆಳಿಗ್ಗೆ 6.25

ಹೊಸ ಡಬ್ಬಿ. ಡಾಕ್ಟರು ಬರೆದುಕೊಟ್ಟ ಚೀಟಿಯೊಂದಿಗೆ ಮೂರು ಸಲ ಹೋಲಿಸಿ ನೋಡಿದೆ. ಹಳೇ ಡಬ್ಬಿ ಬೀರುವಿನಲ್ಲೇ ಹಿಂದಿತ್ತು. ಮುಗಿಯದೆ ಉಳಿದ ತುಂಡುಗಳು, ಪುಡಿ.

ಆರು ಗಂಟೆಗೆ ಮಂಚದ ಹತ್ತಿರ ಹೋದೆ. ಎಂದಿನಂತೆ ಕಣ್ಣು ಬಿಡದೆಯೇ ಅಂಗೈ ಚಾಚಿದಳು. ಮಾತ್ರೆ ಇಟ್ಟೆ. ಹೆಬ್ಬೆರಳಿನಿಂದ ಒಮ್ಮೆ ಅದರ ಅಂಚು ಸವರಿದಳು, ಸುತ್ತಲೂ.

"ಈಗ ಪೂರ್ತಿ ಕೊಡ್ತಿದೀರಾ?" ಅಂದಳು.

ಹೂಂ ಅಂದೆ.

"ಅರ್ಧ ಕೊಟ್ಟಾಗ್ಲೂ ಗೊತ್ತಾಗ್ತಿತ್ತು. ನೀವು ನೋಡಿ ಕೊಟ್ರೆ ಸರಿಯಾಗೇ ಇರ್ತದೆ ಅಂತ ನುಂಗ್ತಿದ್ದೆ ಕಣ್ರೀ."

ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗಿದಳು.

ಹತ್ತಕ್ಕೆ ಅನು ಬರುತ್ತಾಳೆ, ಮರೆವಿನ ಡಾಕ್ಟರ ಹತ್ತಿರ ಕರೆದೊಯ್ಯಲು. ಇವಳು ಹೋಗುತ್ತಾಳೆ. ಕೇಳಿದ್ದಕ್ಕೆಲ್ಲ ಮರೆತೆ ಅನ್ನುತ್ತಾಳೆ, ನನಗೋಸ್ಕರ. ಹಾಗಾಗಬಾರದು. ಹಳೇ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟಿದ್ದೇನೆ, ಬ್ಲೇಡನ್ನೂ. ಅನುಗೆ ಈಗಲೇ ಫೋನ್ ಮಾಡುತ್ತೇನೆ. ರಿಂಗ್ ಆಗುತ್ತಿದೆ. ಎತ್ತಿದ ಕೂಡಲೇ ಮೊದಲ ಮಾತು — ಅಮ್ಮ ಮರೆತಿಲ್ಲ, ಮಾತ್ರೆ ಕತ್ತರಿಸಿದ್ದು ನಾನು.