ಹೊಸ್ತಿಲು ದಾಟಿದ ದಿನ ನಾನು ಕಲೂರಿನಲ್ಲಿದ್ದೆ

ಕಲೂರ್, ಕೊಚ್ಚಿ
ಬುಧವಾರ, 8 ನವೆಂಬರ್ 2006

ಧರಣೇಂದ್ರ ಅವರೇ,

ನಮ್ಮ ಕಚೇರಿಯ ಸಾಹೇಬರೂ ನೀವೂ ಮಾತು ಕೊಟ್ಟದ್ದು: ಹೆರಿಗೆ ರಜೆ ಮುಗಿಯುವುದರೊಳಗೆ ನನಗೆ ತಿರುವನಂತಪುರಕ್ಕೆ ವರ್ಗ. ಅದಾಗದಿದ್ದರೆ ಇಲ್ಲೇ ಕಚೇರಿಯ ಮಹಡಿಯಲ್ಲಿ ಮಕ್ಕಳಿಗೊಂದು ಕೋಣೆ. ಅಲ್ಲಿಯವರೆಗೆ ಮಗು ಅಪೂರ್ವಾ ತಿರುವನಂತಪುರದ ಪಟ್ಟಂನಲ್ಲಿ ನಿಮ್ಮ ಮತ್ತು ಅತ್ತೆಯ ಹತ್ತಿರ, ಅದೂ ಬರೀ ಎರಡು ತಿಂಗಳು.

ಸಿಕ್ಕಿದ್ದು: ವರ್ಗ ಇಲ್ಲ. ಕೋಣೆಯಲ್ಲಿ ಈಗಲೂ ಕಾಲು ಮುರಿದ ಕುರ್ಚಿಗಳು, ಕೆಟ್ಟ ಜೆರಾಕ್ಸ್ ಮೆಷಿನ್. ಎರಡು ತಿಂಗಳು ಐದಾಗಿದೆ. ಒಂಬತ್ತು ತಿಂಗಳ ಮಗಳನ್ನು ಹದಿನೈದು ದಿನಕ್ಕೊಮ್ಮೆ ನೋಡಿ ಬರುತ್ತೇನೆ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಿ ಬಂದ ಹಾಗೆ.

ನಿನ್ನೆ ನಿಮ್ಮ ಕೆಳಗಿನ ಫ್ಲಾಟಿನ ಅಚ್ಯುತ ಫೈಲು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಕಡುಬು ಭಾರೀ ಲಾಯ್ಕಿತ್ತು ಮಾರಾಯ್ರೆ ಅಂದರು. ಯಾವ ಕಡುಬು ಅಂತ ಕೇಳಿದೆ. ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟಿತಲ್ಲ, ನಿಮ್ಮತ್ತೆ ಐದು ಮನೆಗೂ ಹಂಚಿದ್ರು, ನಿಮಗೆ ಗೊತ್ತಿಲ್ವಾ ಅಂದರು. ಗೊತ್ತು ಅಂತ ಸುಳ್ಳು ಹೇಳಿದೆ.

ನೀವು ಅತ್ತೆಯ ಬಾಯಿ ಕಟ್ಟಿದಿರಿ, ಅವರ ಕಡುಬಿನ ಪಾತ್ರೆ ಕಟ್ಟಲು ಮರೆತಿರಿ. ಮಗು ಹೊಸ್ತಿಲು ದಾಟಿದ ದಿನ ಐದು ಮನೆಗೆ ಕೊಡದೆ ಅವರಿಗೆ ಅನ್ನ ಇಳಿಯುತ್ತದೆಯೇ?

ನಿನ್ನೆ ಸಂಜೆ ಫೋನಿನಲ್ಲಿ ಕೇಳಿದ್ದಕ್ಕೆ ನೀವು ಹೇಳಿದ್ದು: ನಿನಗೆ ಬೇಜಾರಾಗಬಾರದು ಅಂತ ಮುಚ್ಚಿಟ್ಟೆ, ಶನಿವಾರ ನೀನು ಬಂದಾಗ ನಿನ್ನೆದುರೇ ಮೊದಲ ಸಲ ದಾಟಿದ ಹಾಗೆ ಮಾಡೋಣ ಅಂತಿದ್ದೆ. ನಿಮ್ಮ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ನನ್ನ ಮಗಳ ಅಂಬೆಗಾಲನ್ನು ನಾಟಕದ ಎರಡನೇ ಪ್ರಯೋಗದಂತೆ ನೋಡಲು ನಾನು ಟಿಕೆಟ್ ತೆಗೆದುಕೊಂಡಿಲ್ಲ. ಮಾತು ಬಂತೇ ಅಂತಲೂ ಕೇಳಿದೆ. ಅಮ್ಮ ಅಂತಾಳೆ, ಅಜ್ಜಿಯನ್ನು ನೋಡಿ, ಅಂದಿರಿ. ಎತ್ತಿಕೊಂಡವರನ್ನು ಮಗು ಕರೆಯುತ್ತದೆ. ಅತ್ತೆಯ ಮೇಲೆ ಸಿಟ್ಟಿಲ್ಲ, ಮಗುವಿನ ಮೇಲಂತೂ ಇಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಜೂನ್‌ನಲ್ಲಿ ಕೋಣೆ ಕೇಳಿ ಏಳು ಹೆಂಗಸರು ಅರ್ಜಿ ಬರೆದಾಗ ಮೊದಲ ಸಹಿ ನನ್ನದು. ಹೆಸರು ವಾಪಸ್ ತೆಗೆದುಕೊಂಡರೆ ವರ್ಗ ಮಾಡಿಸುತ್ತೇನೆ ಅಂದರು ಸಾಹೇಬರು. ತಗೋ, ನಮಗ್ಯಾಕೆ ಊರ ಉಸಾಬರಿ ಅಂದಿರಿ ನೀವು. ತೆಗೆದುಕೊಂಡೆ. ಬಾತ್‌ರೂಮಿನ ಸಿಂಕಿಗೆ ಎದೆಹಾಲು ಹಿಂಡಿ ಚೆಲ್ಲುತ್ತಿದ್ದ ದಿನಗಳವು. ಒಳಗೆ ಯಾರೂ ಬರದ ಹಾಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವಳು ಪಕ್ಕದ ಮೇಜಿನ ಸುಮಯ್ಯಾ. ಅವಳ ಸಹಿಯ ಮೇಲಿದ್ದ ನನ್ನ ಸಹಿಯನ್ನು ನನ್ನ ಪೆನ್ನಿನಿಂದಲೇ ಹೊಡೆದುಹಾಕಿದೆ. ಮರುದಿನವೂ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಇವತ್ತು ಹೊಸ ಅರ್ಜಿಗೆ ಸಹಿ ಹಾಕಿದೆ. ಇದು ಅಂಗನವಾಡಿ ಅಲ್ಲ ಅಂದರು ಸಾಹೇಬರು. ನಮ್ಮ ಕೈ ಬೇಕು, ನಮ್ಮ ಮಕ್ಕಳು ಬೇಡ ಅಂತ ಬರೆದು ಕೊಡಿ ಸಾರ್ ಅಂದೆ. ಬರೆದು ಕೊಡಲಿಲ್ಲ. ಸೋಮವಾರ ಎಲ್ಲರೂ ಕೂತು ಸಭೆಯಲ್ಲಿ ಮಾತಾಡೋಣ ಅಂದರು.

ಶನಿವಾರ ಬೆಳಗಿನ ಗಾಡಿಗೆ ಬರುತ್ತೇನೆ, ನೋಡಿ ಹೋಗಲಿಕ್ಕಲ್ಲ, ಕರೆದುಕೊಂಡು ಹೋಗಲಿಕ್ಕೆ. ಅವಳ ಬಟ್ಟೆ, ರಾಗಿ ಹಿಟ್ಟು ಕಟ್ಟಿಡಿ. ಸೋಮವಾರದಿಂದ ಅವಳು ನನ್ನ ಮೇಜಿನ ಸುತ್ತ ಅಂಬೆಗಾಲಿಡುತ್ತಾಳೆ. ಸುಮಯ್ಯಾಳ ಮಗನೂ ಜೊತೆಗಿರುತ್ತಾನೆ. ಕೆಲಸ ಬಿಡು ಅನ್ನಬೇಡಿ, ಬಿಡುವುದಿಲ್ಲ. ಕೆಲಸ ಹೋದೀತು ಅಂತ ಹೆದರಿಸಬೇಡಿ. ಹೆದರಿ ಐದು ತಿಂಗಳು ಕಳೆದುಕೊಂಡವಳು ನಾನು.

ಅಪೂರ್ವಾಳ ಅಮ್ಮ,
ವಿಜಯಾ

ಮತ್ತೊಂದು ವಿಷಯ: ಅತ್ತೆಯೂ ನನ್ನ ಜೊತೆ ಬರುತ್ತಾರೆ. ಇವತ್ತು ಮಧ್ಯಾಹ್ನ ನೀವಿಲ್ಲದಾಗ ಫೋನ್ ಮಾಡಿ ಕೇಳಿದೆ. ನೀವು ಅಂಬೆಗಾಲಿಡುವಾಗ ಅವರು ಶಾಲೆಯ ಟೀಚರ್ ಕೆಲಸಕ್ಕೆ ರಾಜೀನಾಮೆ ಬರೆದಿದ್ದರಂತೆ. ಆಗ ಯಾರೂ ನನ್ನನ್ನು ಕೇಳಲಿಲ್ಲ ಮಗಾ ಅಂದರು. ನಿಮಗೆ ಈ ವಿಷಯ ಗೊತ್ತೇ ಇಲ್ಲವಂತೆ. ಸಾಹೇಬರ ಜೊತೆಗಿನ ಸಭೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರೇ ಮೊದಲು ಮಾತಾಡುತ್ತಾರೆ. ನೀವೂ ಬರಬಹುದು. ಸೋಮವಾರ, ನವೆಂಬರ್ 13, ಬೆಳಿಗ್ಗೆ ಹತ್ತು ಗಂಟೆ.